ಗುಳ್ಳೆ ಎಣಿಸುವ ಕೆಲಸ

ಗ್ಯಾಸ್ ಸಿಲಿಂಡರಿನ ಮಾಪಕದ ಮುಳ್ಳು ಬಿದ್ದಿತ್ತು. ನಿನ್ನೆಯವರೆಗೂ ಒಂದೇ ಕಡೆ ನೆಟ್ಟಗೆ ನಿಂತಿದ್ದು ಈ ಶನಿವಾರ ಬೆಳಿಗ್ಗೆ ಕೆಂಪು ಪಟ್ಟಿಯ ಕಡೆಗೆ ವಾಲಿಕೊಂಡಿತ್ತು. ಅದನ್ನು ಮೊದಲು ಕಂಡವನು ತಾನೇ ಎಂದು ಅವನಿಗೆ ಒಂದು ಕ್ಷಣ ಖುಷಿಯಾಯಿತು. ಆಮೇಲೆ, ತನ್ನನ್ನು ಬಿಟ್ಟು ಅದನ್ನು ನೋಡುವವರು ಈ ಕಟ್ಟಡದಲ್ಲಿ ಬೇರೆ ಯಾರೂ ಇಲ್ಲವೆಂಬುದು ನೆನಪಾಗಿ ಆ ಖುಷಿಗೇ ನಾಚಿಕೆಯಾಯಿತು. ಭಾವನ ಹಲ್ಲಿನ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ಗೋಡೆಯುದ್ದಕ್ಕೂ ಹರಡಿದ್ದ ಹವಳದ ಅಕ್ವೇರಿಯಂ ಕೆಳಗಿನ ಕಪಾಟು ತೆರೆದು ಅವನು ಕುಕ್ಕರಗಾಲಲ್ಲಿ ಕೂತಿದ್ದ. ಬೆನ್ನ ಹಿಂದೆ ಕುರ್ಚಿಗಳಲ್ಲಿ ಕೆನ್ನೆ ಹಿಡಿದುಕೊಂಡ ಜನ. ನೋವಿದ್ದವರಿಗೆ ಏನನ್ನಾದರೂ ದಿಟ್ಟಿಸಿ ನೋಡಲೇಬೇಕು. ಅವರು ಮೊದಲು ಮೀನುಗಳನ್ನು ನೋಡುತ್ತಾರೆ, ಮೀನು ಬೇಜಾರಾದ ಮೇಲೆ ಹವಳವನ್ನು, ಹವಳ ಅಲ್ಲಾಡುವುದಿಲ್ಲವೆಂದು ಗೊತ್ತಾದ ಮೇಲೆ ಅವನ ಬೆನ್ನನ್ನು. ಅಂಗಿ ಮೇಲಕ್ಕೆ ಸರಿದು ಸೊಂಟಕ್ಕೆ ಫ್ಯಾನಿನ ಗಾಳಿ ತಾಗುತ್ತಿತ್ತು. ಎಳೆದುಕೊಳ್ಳಲು ಕೈ ಖಾಲಿ ಇರಲಿಲ್ಲ. ಒಂದು ಕೈಯಲ್ಲಿ ಟಾರ್ಚು, ಆ ಕೈಯ ನಾಡಿಯ ಮೇಲೆ ಇನ್ನೊಂದು ಕೈಯ ಬೆರಳು. ನಾಡಿಯ ಒಂದೊಂದು ಬಡಿತಕ್ಕೆ ಒಂದೊಂದು ಗುಳ್ಳೆ ಏಳಬೇಕು. ಈವತ್ತು ಗುಳ್ಳೆ ನಾಡಿಗಿಂತ ತುಸು ಮುಂದಿತ್ತು. ಅಥವಾ ನಾಡಿ ಹಿಂದೆ ಬಿದ್ದಿತ್ತು. ಎರಡರಲ್ಲಿ ಯಾವುದನ್ನು ಅನುಮಾನಿಸಬೇಕು ಎಂದು ಕೇಳಿದರೆ ಅವನು ಯಾವತ್ತೂ ತನ್ನ ಕಡೆಯದನ್ನೇ ಅನುಮಾನಿಸುವವನು.

ಡಬ್ಬದ ಮೇಲೆ ಕ್ಯಾಲ್ಸಿಯಂ ರಿಯಾಕ್ಟರ್ ಎಂದು ದೊಡ್ಡದಾಗಿ ಬರೆದಿತ್ತು, ಆದರೆ ಯಂತ್ರ ದೊಡ್ಡದೇನಲ್ಲ. ಮೊಣಕಾಲೆತ್ತರದ ಒಂದು ಪಾರದರ್ಶಕ ಕೊಳವೆ, ಅದರ ತುಂಬ ಸತ್ತ ಹವಳದ ಬಿಳಿ ಚೂರು. ಪಕ್ಕದ ಸಿಲಿಂಡರಿನಿಂದ ಇಂಗಾಲದ ಗ್ಯಾಸು ಒಂದು ಪುಟ್ಟ ಗಾಜಿನ ಬುರುಡೆಯ ಮೂಲಕ ಗುಳ್ಳೆಗುಳ್ಳೆಯಾಗಿ ಅದರೊಳಗೆ ಹೋಗುತ್ತದೆ, ಒಳಗಿನ ನೀರು ಹುಳಿಯಾಗುತ್ತದೆ, ಹುಳಿನೀರು ಸತ್ತ ಹವಳವನ್ನು ಇಷ್ಟಿಷ್ಟೇ ಕರಗಿಸುತ್ತದೆ, ಕರಗಿದ ಸುಣ್ಣ ಸಣ್ಣ ನಳಿಕೆಯಲ್ಲಿ ತೊಟ್ಟಿಕ್ಕುತ್ತಾ ಅಕ್ವೇರಿಯಂ ಸೇರುತ್ತದೆ. ಮೇಲೆ ಬದುಕಿರುವ ಹವಳ ಅದನ್ನು ಹೀರಿಕೊಂಡು ಬೆಳೆಯುತ್ತದೆ. ಯಂತ್ರ ಬಂದ ದಿನ ಇದನ್ನೆಲ್ಲ ಟೋಕನ್‌ಗೆ ವಿವರಿಸಿದಾಗ ಅವಳು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, "ಅಂದ್ರೆ ಸತ್ತೋರನ್ನ ಕರಗಿಸಿ ಇದ್ದೋರಿಗೆ ಉಣ್ಸೋದು. ನಮ್ಮನೇಲಿ ಇದ್ದೋರನ್ನೇ ಕರಗಿಸ್ತಾರೆ ಸಾರ್," ಎಂದು ನಕ್ಕಿದ್ದಳು. ಟೋಕನ್ ಎಂದರೆ ಮುಂಬಾಗಿಲ ಮೇಜಿನ ಹಿಂದೆ ಕೂತು ಬಂದವರಿಗೆಲ್ಲ ನಂಬರಿನ ಬಿಲ್ಲೆ ಕೊಡುವವಳು; ಬೆಳಿಗ್ಗೆ ನೆಲ, ಗಾಜು, ಕಪಾಟು ಒರೆಸುವವಳೂ ಅವಳೇ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ತೀರಿಹೋದ ತಂಗಿಯ ಮಕ್ಕಳು, ಎಲ್ಲರ ಹೊಟ್ಟೆ ಅವಳ ಆ ಮೇಜಿನ ಮೇಲೆ ನಿಂತಿತ್ತು. ಭಾವ ಇಟ್ಟ ಅಡ್ಡಹೆಸರು ಅವಳಿಗೆ ಎಷ್ಟು ಅಂಟಿಕೊಂಡಿತ್ತೆಂದರೆ ಅವಳ ತಾಯಿಯೂ ಫೋನ್ ಮಾಡಿ ಟೋಕನ್ ಇದ್ದಾಳಾ ಎಂದೇ ಕೇಳುತ್ತಿದ್ದಳು. ಇಡೀ ಕಟ್ಟಡದಲ್ಲಿ ಅವನನ್ನು ಸಾರ್ ಎನ್ನುತ್ತಿದ್ದವಳು ಅವಳೊಬ್ಬಳೇ.

ಎರಡು ತಿರುಪು, ಒಂದು ಗ್ಯಾಸಿಗೆ, ಒಂದು ಹನಿಗೆ. ಗ್ಯಾಸು ಹೆಚ್ಚಾದರೆ ಚೂರೆಲ್ಲ ಕೆಸರಾಗುತ್ತದೆ, ಹನಿ ಹೆಚ್ಚಾದರೆ ಕರಗಲು ಪುರುಸೊತ್ತಿಲ್ಲದೆ ಬರೀ ನೀರು ಹರಿಯುತ್ತದೆ. ಒಂದನ್ನು ಕೂದಲೆಳೆಯಷ್ಟು ತಿರುಗಿಸಿ ಮರುದಿನದವರೆಗೆ ಕೈಕಟ್ಟಿ ಕೂರಬೇಕು, ತೊಟ್ಟಿಯ ನೀರನ್ನು ಪುಟ್ಟ ಸೀಸೆಯಲ್ಲಿ ಹಿಡಿದು ಔಷಧದ ಹನಿ ಬಿಟ್ಟು ನೀಲಿ ಹಳದಿಯಾಗುವುದನ್ನು ಕಾಯಬೇಕು, ಆಮೇಲಷ್ಟೇ ಇನ್ನೊಂದಕ್ಕೆ ಕೈ ಹಾಕಬೇಕು. ಈ ಕಾಯುವಿಕೆ ಅವನಿಗೆ ಒಗ್ಗಿತ್ತು. ಸಂಜೆ ಕಾಲೇಜಿನಲ್ಲಿ ಹಲ್ಲಿನ ಸೆಟ್ಟು ಮಾಡುವ ಡಿಪ್ಲೊಮಾ ಓದುವಾಗಲೂ ಅವನು ಪ್ಲಾಸ್ಟರ್ ಗಟ್ಟಿಯಾಗುವ ಮುಂಚೆ ಅಚ್ಚು ಬಿಚ್ಚಿದವನಲ್ಲ. ಎಲ್ಲರೂ ಮನೆಗೆ ಹೋದ ಮೇಲೂ ಉಗುರಿನಿಂದ ತಟ್ಟಿ, ಕಿವಿಗೊಟ್ಟು, ಮತ್ತೆ ತಟ್ಟಿ ಕೂತಿರುತ್ತಿದ್ದ. ಹುಳಿ ಅಳೆದು ಗ್ಯಾಸನ್ನು ತಾನೇ ನಿಲ್ಲಿಸುವ ಒಂದು ಪೆಟ್ಟಿಗೆಯೂ ಬರುತ್ತದೆ, ಕಂಟ್ರೋಲರ್ ಅಂತ, ಅದು ಇದ್ದರೆ ಒಳ್ಳೆಯದು ಎಂದು ಅವನು ಹೇಳಿದಾಗ ಭಾವ ಕುರ್ಚಿಯಲ್ಲಿದ್ದ ರೋಗಿಯ ಬಾಯಿಂದ ಕೈ ತೆಗೆಯದೆಯೇ ಹೇಳಿದ್ದ: "ನೀನಿದೀಯಲ್ಲಯ್ಯಾ, ಇನ್ನೊಂದು ಕಂಟ್ರೋಲರ್ ಯಾಕೆ?" ಆಮೇಲೆ ರೋಗಿಯ ಕಡೆ ಬಾಗಿ, "ನಮ್ಮ ಮನೆಯವಳ ತಮ್ಮ. ಮೀಸೆ ಬರೋ ತನಕ ಹಾಸಿಗೇಲಿ ಕಂಟ್ರೋಲ್ ಇರ್ಲಿಲ್ಲ, ಈಗ ನೋಡಿ, ಸಮುದ್ರಾನೇ ಕಂಟ್ರೋಲ್ ಮಾಡ್ತಾನೆ." ಬಾಯಿ ತೆರೆದೇ ಇದ್ದ ರೋಗಿ ಗಂಟಲಲ್ಲಿ ನಕ್ಕಿದ್ದ. ಒದ್ದೆ ಹಾಸಿಗೆಯ ವಿಷಯ ಅಕ್ಕನಿಗೊಬ್ಬಳಿಗೇ ಗೊತ್ತಿದ್ದದ್ದು. ಮನೆ ಏಳುವ ಮುಂಚೆ ದುಪ್ಪಟಿಯನ್ನು ಸದ್ದಿಲ್ಲದೆ ಎಳೆದುಕೊಂಡು ಹೋಗಿ ಒಗೆದು ಹಾಕಿ, ಬೆಕ್ಕು ಮಾಡಿದ್ದು ಎಂದು ಅಮ್ಮನಿಗೆ ಹೇಳುತ್ತಿದ್ದ ಅಕ್ಕ. ಮದುವೆಯಾದ ಹೊಸದರಲ್ಲಿ ಗಂಡನನ್ನು ನಗಿಸಲು ಅವಳ ಹತ್ತಿರ ಬೇರೇನೂ ಇರಲಿಲ್ಲವೇನೋ.

ಮುಳ್ಳು ಬಿದ್ದ ಮೇಲೆ ಸಿಲಿಂಡರ್ ಬದಲಾಯಿಸಲು ತಡಮಾಡಬಾರದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಖಾಲಿಯಾಗುವ ಸಿಲಿಂಡರ್ ಮೆಲ್ಲಗೆ ಸಾಯುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಹಾಗಲ್ಲ. ಅಗ್ಗದ ರೆಗ್ಯುಲೇಟರಿಗೆ ಆ ಕೊನೆಯ ಗ್ಯಾಸನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಒಳಗಿನ ಒತ್ತಡ ಕುಸಿದಂತೆ ಅದು ಹಿಡಿತ ಬಿಟ್ಟು, ಉಳಿದದ್ದನ್ನೆಲ್ಲ ಒಂದೇ ಸಲ ಹೊರಗೆ ಸುರಿಯುತ್ತದೆ. ಗುಳ್ಳೆ ಹೋಗಿ ಧಾರೆಯಾಗುತ್ತದೆ, ತೊಟ್ಟಿಯೆಲ್ಲ ಹುಳಿಯಾಗುತ್ತದೆ. ತುಂಬಿದ ಸಿಲಿಂಡರ್ ಹಿಂದಿನ ಕೋಣೆಯಲ್ಲಿ, ಅವನು ಸೆಟ್ಟು ಮಾಡುವ ಮೇಜಿನ ಪಕ್ಕ ಪ್ಲಾಸ್ಟರ್ ಚೀಲಕ್ಕೆ ಒರಗಿ ನಿಂತಿತ್ತು. ಹೋಗಿ ಸ್ಪ್ಯಾನರ್ ತಂದು ಬಿಚ್ಚಿ ಜೋಡಿಸಿದರೆ ಮುಗಿಯಿತು, ಟೀ ಆರುವುದರೊಳಗಿನ ಕೆಲಸ. ಅವನು ಎದ್ದ. ಮೊಣಕಾಲು ಲಟಕ್ ಎಂದಿತು. ಒಬ್ಬ ಅಜ್ಜಿ ಕೆನ್ನೆ ಹಿಡಿದುಕೊಂಡೇ, "ಪಾಪ," ಅಂದಳು.

ಸ್ಪ್ಯಾನರ್ ಹಿಡಿದು ಹಜಾರದ ತಿರುವಿಗೆ ವಾಪಸ್ಸು ಬರುವಾಗ ನಗು ಕೇಳಿಸಿತು. ಭಾವ ಒಬ್ಬ ರೋಗಿಯನ್ನು ಕಳಿಸಿ ಇನ್ನೊಬ್ಬರನ್ನು ಕರೆಯಲು ಹೊರಗೆ ಬಂದಿದ್ದ. ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಪೃಷ್ಠವನ್ನು ಜನರ ಕಡೆ ಎತ್ತಿ, ನಾಲಿಗೆಯನ್ನು ತುಟಿಯ ಮೂಲೆಯಲ್ಲಿ ಕಚ್ಚಿಕೊಂಡು, ಒಂದು ಕೈಯಿಂದ ಇನ್ನೊಂದರ ನಾಡಿ ಹಿಡಿದಿದ್ದ. "ಏನ್ ನೋಡ್ತಾನೆ ಗೊತ್ತಾ? ಗುಳ್ಳೆ ಅಲ್ಲ. ತಾನಿನ್ನೂ ಬದುಕಿದೀನಾ ಅಂತ. ಪ್ರತಿ ದಿನ ಡೌಟು!" ಊದಿದ ಕೆನ್ನೆಗಳು ನೋವಿನಲ್ಲೇ ನಕ್ಕವು. ಅವನಿಗೆ ಆ ಅಣಕದಲ್ಲಿ ಆಶ್ಚರ್ಯವಾದದ್ದು ಒಂದೇ, ನಾಲಿಗೆಯ ವಿಷಯ. ತಾನು ನಾಲಿಗೆ ಕಚ್ಚಿಕೊಳ್ಳುತ್ತೇನೆಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ಅವನು ಕೆಮ್ಮಿ, ನಗುತ್ತಲೇ ಒಳಗೆ ಹೋಗಿ ಸಿಲಿಂಡರ್ ಬದಲಾಯಿಸುತ್ತಿದ್ದ. ಹಾಗೆ ಎಷ್ಟೋ ಸಲ ಕೆಮ್ಮಿದ್ದಾನೆ. ಆದರೆ ಎಲ್ಲರಿಗಿಂತ ಎತ್ತರದಲ್ಲಿ ಇನ್ನೊಂದು ನಗು ಇತ್ತು. ಟೋಕನ್ ಮೇಜಿಗೆ ಕೈಯೂರಿ, ಕುತ್ತಿಗೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಮೊದಲೆಲ್ಲ ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದವಳು. ಮೇಲಿನ ಸಾಲಿನ ಮುಂದಿನ ಹಲ್ಲು ಒಂದು ಇರಲಿಲ್ಲ. ಭಾವನಿಗೆ ತಿಳಿಯದಂತೆ, ಊಟದ ಬಿಡುವಿನಲ್ಲಿ ಅವನೇ ಅದನ್ನು ಮಾಡಿಕೊಟ್ಟಿದ್ದ. ಅಕ್ಕಪಕ್ಕದ ಹಲ್ಲಿಗೆ ಹೊಂದಲೆಂದು ಚಹಾದ ಛಾಯೆ ಕೊಟ್ಟು, ತುದಿಯನ್ನು ತುಸು ಸವೆಸಿ, ಮೂರು ಸಲ ಕೆಡವಿ ಮತ್ತೆ ಮಾಡಿದ್ದ. ಕನ್ನಡಿ ಹಿಡಿದು ಅವಳು ಆ ಹಲ್ಲನ್ನು ನಾಲಿಗೆಯಿಂದ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಿದ್ದಳು. ಈಗ ಆ ಹಲ್ಲನ್ನು ತೋರಿಸಿ, ಬಾಯಿಗೆ ಕೈ ಅಡ್ಡ ಇಡದೆ, ಧೈರ್ಯವಾಗಿ ಅವನನ್ನು ನೋಡಿ ನಗುತ್ತಿದ್ದಳು. ನೋಡಿ ಅಲ್ಲ, ಅವಳು ಅವನನ್ನು ನೋಡಿರಲಿಲ್ಲ. ಬಣ್ಣ ಎಷ್ಟು ಚೆನ್ನಾಗಿ ಹೊಂದಿದೆ ಎಂಬ ಯೋಚನೆಯೇ ಅವನಿಗೆ ಮೊದಲು ಬಂದದ್ದು.

ಹಿಂದಿನ ಕೋಣೆಗೆ ಹೋಗಿ ಸ್ಪ್ಯಾನರನ್ನು ಪ್ಲಾಸ್ಟರ್ ಪುಡಿಯ ಮೇಲೆ ಇಟ್ಟ. ಕೆಲಸಗಾರನ ಸಂಬಳಕ್ಕೆ ನಗುವುದೂ ಸೇರಿದೆ, ಯಜಮಾನ ನಗಿಸಿದರೆ ನಗದೆ ಇರಲಾಗುತ್ತದೆಯೇ ಎಂದು ಅವಳ ಪರವಾಗಿ ತಾನೇ ವಾದಿಸಿದ. ವಾದ ಸರಿಯಾಗಿತ್ತು. ಕೈ ಮಾತ್ರ ಸ್ಪ್ಯಾನರಿನ ಕಡೆ ಹೋಗಲಿಲ್ಲ. ಒಂದು ಸೆಟ್ಟಿನ ವಸಡು ಉಜ್ಜಲು ಶುರುಮಾಡಿದ, ಇದು ಮುಗಿದ ಮೇಲೆ ಹೋಗುತ್ತೇನೆ ಎಂದುಕೊಂಡ, ಮುಗಿದ ಮೇಲೆ ಇನ್ನೊಂದನ್ನು ತೆಗೆದುಕೊಂಡ. ಉಜ್ಜುವ ಚಕ್ರದ ಸದ್ದಿನಲ್ಲಿ ಹಿಂದಿನ ತಿಂಗಳ ವಿಷಯ ಬಂದು ನಿಂತಿತು. ಅವತ್ತು ಭಾವ ಬೆನ್ನ ಹಿಂದೆ ನಿಂತು, "ತಿರುಗ್ಸೋದಾದ್ರೆ ತಿರುಗ್ಸು, ಅದೇನು ಅದನ್ನ ಕೇಳ್ಕೊಂಡು ತಿರುಗಿಸ್ತೀಯಾ," ಎಂದದ್ದಕ್ಕೆ ಗಾಬರಿಯಾಗಿ ಅವನು ಎರಡೂ ತಿರುಪುಗಳನ್ನು ಒಟ್ಟಿಗೆ ತಿರುಗಿಸಿದ್ದ. ಮರುದಿನ ತೊಟ್ಟಿಯ ನೀರು ಹಾಲಿನ ಬಣ್ಣಕ್ಕೆ ತಿರುಗಿತ್ತು. ರೋಗಿಗಳ ಮುಂದೆ ಭಾವ ಕೂಗಾಡುವಾಗ ಅವನ ಬಾಯಿಂದ ಒಂದು ವಾಕ್ಯ ಜಾರಿತ್ತು: "ಒರೆಸೋವಾಗ ಬಟ್ಟೆ ತಾಗಿರಬಹುದು ಭಾವ." ವಾಕ್ಯದಲ್ಲಿ ಯಾರ ಹೆಸರೂ ಇರಲಿಲ್ಲ. ಆದರೆ ಒರೆಸುವವಳು ಒಬ್ಬಳೇ. ಭಾವ ಅವಳ ಮೇಜಿನ ಮೇಲೆ ಬೆರಳು ಬಡಿದು ಹೇಳಿದ್ದ: "ಇನ್ನೊಂದ್ಸಲ ಆ ತೊಟ್ಟಿಗೆ ಏನಾದ್ರೂ ಆಗ್ಲಿ, ಆವತ್ತು ಕೊನೇ ಟೋಕನ್ ನಿಂದೇ. ಹಿಡ್ಕೊಂಡು ಮನೆಗೆ ಹೋಗು." ಅವಳು ತಲೆಯಾಡಿಸಿದ್ದಳು. ತಾನು ಆ ದಿನ ಕಪಾಟಿನ ಹತ್ತಿರವೂ ಹೋಗಿರಲಿಲ್ಲವೆಂದು ಅವಳು ಹೇಳಲಿಲ್ಲ. ಸಾರ್ ಹೇಳಿದ ಮೇಲೆ ತಾಗಿಯೇ ಇರಬೇಕು ಎಂದು ನಂಬಿದ್ದಳು. ಆಮೇಲೆ ಅವಳು ಕಪಾಟನ್ನು ಒರೆಸುವಾಗ ತಿರುಪಿನ ಸುತ್ತ ಒಂದು ಗೇಣು ಜಾಗವನ್ನು ಹಾಗೇ ಬಿಡುತ್ತಿದ್ದಳು, ಅಲ್ಲಿ ಧೂಳು ಕೂತಿತ್ತು. ಸತ್ಯ ಹೇಳಿಬಿಡಬೇಕೆಂದು ಅವನು ಅಂದುಕೊಳ್ಳುತ್ತಲೇ ಇದ್ದ. ಹಲ್ಲು ಮಾಡಿಕೊಟ್ಟದ್ದು ಅದಾದ ಮೇಲೆ.

ಬಾಗಿಲು ಹಾಕುವ ಹೊತ್ತಿಗೆ ಭಾವ ಇಣುಕಿದ. "ತೊಟ್ಟಿ ಕೆಲಸ ಆಯ್ತಾ ಕಂಟ್ರೋಲರ್?" "ಆಯ್ತು ಭಾವ." ಉತ್ತರ ಎಷ್ಟು ಸಲೀಸಾಗಿ ಬಂತೆಂದರೆ, ಬಹುಶಃ ಆಗಿಯೇ ಹೋಗಿದೆ ಎಂದು ಅವನಿಗೂ ಅನಿಸಿತು.

ಭಾನುವಾರ ಆಸ್ಪತ್ರೆಗೆ ಬೀಗ. ಮೇಲಿನ ಮಹಡಿಯಲ್ಲಿ ಮೂವರೂ ಊಟಕ್ಕೆ ಕೂತರು. ಮಕ್ಕಳಿಲ್ಲದ ಮನೆಯಲ್ಲಿ ಅವನೊಂದು ಕೋಣೆ, ಒಂದು ತಟ್ಟೆ, ಒಂದು ತಮಾಷೆ. ಅಕ್ಕ ಬಡಿಸುತ್ತಾ, "ಮೀನಿಗೆ ಹಾಕಿ ಬಂದ್ಯೇನೋ?" ಎಂದಳು. "ಆಮೇಲೆ ಹೋಗ್ತೀನಿ." "ಈಗ್ಲೇ ಹೋಗಿ ಬಾರೋ, ಪಾಪ, ಹಸಿದಿರ್ತವೆ." ಭಾವ ಅನ್ನ ಕಲಸುತ್ತಾ, "ಹೋಗ್ತಾನೆ ಬಿಡೇ. ಅದಕ್ಕಿಂತ ಮೊದ್ಲು ಅವನ ನಾಡಿ ನೋಡ್ಕೋಬೇಕು," ಎಂದ. ಅಕ್ಕ ನಗು ತಡೆಯಲು ಹೋಗಿ ಕೆಮ್ಮಿದಳು. ಅವಳು ಕೆಮ್ಮಿದ್ದು ಅವನ ಹಾಗೆಯೇ. ಈ ಮನೆಯಲ್ಲಿ ಇಬ್ಬರೂ ಕಲಿತಿದ್ದ ಕೆಮ್ಮು ಅದು. ಕೆಳಗೆ ಈಗ ಏನಾಗುತ್ತಿರಬಹುದು ಎಂಬ ಲೆಕ್ಕ ಊಟದುದ್ದಕ್ಕೂ ತಲೆಯಲ್ಲಿ ತಾನಾಗಿ ನಡೆದಿತ್ತು. ಹೇಳಿಬಿಟ್ಟರೆ ಭಾವ ಈ ತಟ್ಟೆಯ ಮುಂದೆಯೇ ಕುಣಿಸುತ್ತಾನೆ. ಹೇಳದಿದ್ದರೆ ಸಾಯುವುದು ಹವಳ. ಅದಕ್ಕೆ ನೋವು ತಿಳಿಯುತ್ತದೋ ಇಲ್ಲವೋ, ಯಾರು ಕಂಡಿದ್ದಾರೆ. ಟೋಕನ್ ಈ ಲೆಕ್ಕದೊಳಗೆ ಬರದಂತೆ ಅವನು ಎಚ್ಚರ ವಹಿಸಿದ. ಎಚ್ಚರ ವಹಿಸುತ್ತಿದ್ದೇನೆಂಬುದು ಗೊತ್ತಿತ್ತು.

ಸಂಜೆ ಬೀಗದ ಕೈ ಹಿಡಿದು ಮೆಟ್ಟಿಲಿಳಿದ. ಬಾಗಿಲಿನ ಗಾಜಿನಿಂದ ಒಳಗಿನ ನೀಲಿ ಬೆಳಕು ಅವನ ಅಂಗಿಯ ಮೇಲೆ ಬಿತ್ತು. ಕಪಾಟಿನ ಬಾಗಿಲನ್ನು ಶನಿವಾರ ಹಾಗೇ ಬಿಟ್ಟಿದ್ದ. ಗುಳ್ಳೆಯ ಬುರುಡೆ ಇಲ್ಲಿಂದಲೇ ಕಾಣುತ್ತಿತ್ತು. ಅದರೊಳಗೆ ಗುಳ್ಳೆ ಇರಲಿಲ್ಲ, ಬೆಳ್ಳಿಯ ಒಂದು ಎಳೆ ಎಲ್ಲೂ ಕಡಿಯದೆ ಮೇಲೇರುತ್ತಿತ್ತು. ಹಳದಿ ಮೀನು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ, ಏನೋ ಹೇಳಲು ಹೊರಟವನಂತೆ, ತೆರೆದು ಮುಚ್ಚುತ್ತಿತ್ತು. ಈಗಲೂ ಒಳಗೆ ಹೋಗಿ ಒಂದು ತಿರುಪು ಬಿಗಿದರೆ ಸಾಕು. ಅವನು ಅಭ್ಯಾಸದಂತೆ ನಾಡಿಯ ಮೇಲೆ ಬೆರಳಿಟ್ಟು ಎಣಿಸಲು ನೋಡಿದ. ಎಣಿಸಲು ಏನೂ ಇರಲಿಲ್ಲ. ಇಷ್ಟು ತಿಂಗಳಲ್ಲಿ ಮೊದಲ ಸಲ ಎಣಿಸಲಾಗದಂಥದು ಕಣ್ಣೆದುರಿಗಿತ್ತು, ಮತ್ತು ಎದೆಯಲ್ಲಿ ಏನೋ ಸಡಿಲವಾಗಿ, ಬೆಳಗಿನ ಜಾವ ಹಾಸಿಗೆಯಲ್ಲಿ ತಡೆಯಲಾಗದೆ ಬಿಟ್ಟುಬಿಟ್ಟಾಗ ಆಗುತ್ತಿತ್ತಲ್ಲ, ಆ ಬೆಚ್ಚನೆಯ, ಅಸಹ್ಯದ ಹಾಯಿ ಮೈತುಂಬ ಹರಡಿತು. ಬಾಗಿಲಿನ ಹಿಡಿಯನ್ನು ಎರಡು ಸಲ ಎಳೆದು ನೋಡಿದ. ಬೀಗ ಸರಿಯಾಗಿ ಬಿದ್ದಿದೆಯೇ ಎಂದು ನೋಡಲು ತಾನು ಬಂದದ್ದು ಎಂದು ತೀರ್ಮಾನಿಸಿ ಮೇಲೆ ಹೋದ. "ಹಾಕಿ ಬಂದ್ಯಾ?" ಎಂದಳು ಅಕ್ಕ. "ಹೂಂ."

ಸೋಮವಾರ ಅವನು ಇಳಿಯುವಾಗ ಟೋಕನ್ ಆಗಲೇ ಬಾಗಿಲು ತೆರೆದಿದ್ದಳು. ಕೆಟ್ಟ ವಾಸನೆ ಮೆಟ್ಟಿಲಿಗೇ ಬಂದಿತ್ತು. ನೇರಳೆ, ಹಸಿರು, ಕಂದು, ಎಲ್ಲ ಬಣ್ಣಗಳು ಹವಳದ ಕೊಂಬೆಗಳಿಂದ ಲೋಳೆಯಾಗಿ ಸುಲಿದು ನೀರಿನಲ್ಲಿ ತೇಲುತ್ತಿದ್ದವು. ಕೆಳಗೆ ಉಳಿದದ್ದು ಬರೀ ಬಿಳಿ, ಅವನ ಮೇಜಿನ ಮೇಲಿನ ಅಚ್ಚುಗಳ ಬಿಳಿ. ಅವಳು ಹಳದಿ ಮೀನನ್ನು ಬಲೆಯಲ್ಲಿ ಎತ್ತಿ, ಅದನ್ನು ಎಲ್ಲಿಡುವುದೆಂದು ತಿಳಿಯದೆ ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. "ಸಾರ್, ನಾನೇನೂ ಮುಟ್ಟಿಲ್ಲ ಸಾರ್. ಶನಿವಾರ ಆ ಕಡೆ ಬಟ್ಟೇನೇ ತಗೊಂಡ್ಹೋಗಿಲ್ಲ. ಬೇಕಾದ್ರೆ ಧೂಳು ನೋಡಿ." ಅವನು ಧೂಳು ನೋಡಿದ. ತಿರುಪಿನ ಸುತ್ತ ಅದು ಹಾಗೇ ಇತ್ತು.

ಭಾವ ಕೂಗಾಡಲಿಲ್ಲ. ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಗಾಜಿನೊಳಗೆ ಇಣುಕಿದ, ಆಮೇಲೆ ಮೇಜಿನ ಹತ್ತಿರ ಹೋಗಿ ಬಿಲ್ಲೆಗಳ ಡಬ್ಬದಿಂದ ಒಂದನ್ನು ಆರಿಸಿ ಅವಳ ಕಡೆ ಚಾಚಿದ. "ತಗೋಮ್ಮಾ. ನಿನ್ನ ನಂಬರ್ ಬಂತು." ಅವಳು ಮೊದಲು ತಮಾಷೆ ಎಂದುಕೊಂಡಳು, ನಗಲು ತುಟಿ ತೆರೆದಳು, ಆ ಹಲ್ಲು ಕಂಡಿತು, ಆಮೇಲೆ ಅರ್ಥವಾಗಿ ತುಟಿ ಮುಚ್ಚಿಕೊಂಡಿತು. "ಡಾಕ್ಟ್ರೇ, ನಮ್ಮಮ್ಮನ ಆಣೆ..." "ಆಣೆಗೀಣೆ ಬೇಡ. ಹೋದ ತಿಂಗಳೇ ಹೇಳಿದ್ನೋ ಇಲ್ವೋ?"

ಅವನು ಹೇಳಿದ. ತನ್ನ ಧ್ವನಿ ಕೇಳಿ ಅವನಿಗೇ ಬೆರಗಾಯಿತು. "ಭಾವ, ಅವಳಲ್ಲ. ನಾನು. ಶನಿವಾರಾನೇ ಸಿಲಿಂಡರ್ ಖಾಲಿಯಾಗ್ತಾ ಬಂದಿತ್ತು. ಗೊತ್ತಿದ್ದೂ ನಾನು ಬದಲಾಯಿಸಲಿಲ್ಲ. ಖಾಲಿಯಾಗೋವಾಗ ಗ್ಯಾಸೆಲ್ಲ ಒಂದೇ ಸಲ ನುಗ್ಗಿಬಿಡತ್ತೆ."

ಭಾವ ತಿರುಗಿದ. ಅವನ ಮುಖದಲ್ಲಿ ಸಿಟ್ಟು ನಿಧಾನವಾಗಿ ಕರಗಿ, ಅದರ ಜಾಗದಲ್ಲಿ ಅಪ್ಪಟ ಸಂತೋಷ ಬಂದು ಕೂತಿತು. "ಖಾಲಿಯಾಗೋವಾಗ ಜಾಸ್ತಿ ಬರತ್ತಾ?"

"ಹೌದು ಭಾವ. ರೆಗ್ಯುಲೇಟರು..."

"ಖಾಲಿಯಾದ್ರೆ ಬರೋದು ನಿಲ್ಲತ್ತೆ ಕಣೋ! ನಿಮ್ಮಕ್ಕನ್ನ ಕೇಳು, ಅಡುಗೆ ಗ್ಯಾಸು ಮುಗಿಯೋವಾಗ ಒಲೆ ಭಗ್ ಅಂತ ಉರಿಯತ್ತಾ ಅಂತ. ಸುಳ್ಳು ಹೇಳೋಕೂ ಸ್ವಲ್ಪ ಬುದ್ಧಿ ಬೇಕಪ್ಪಾ." ಒಳಗೆ ಬರುತ್ತಿದ್ದ ರೋಗಿಗಳನ್ನೂ ಸೇರಿಸಿಕೊಂಡು ಧ್ವನಿ ಏರಿಸಿದ. "ಓಹೋ, ಹೀಗೋ ವಿಷಯ! ನಮ್ಮ ಕಂಟ್ರೋಲರ್ ಸಾಹೇಬ್ರಿಗೆ ಕಂಟ್ರೋಲ್ ತಪ್ಪಿದೆ. ಅವಳ ಬಾಯಲ್ಲಿ ಹೊಸ ಹಲ್ಲು ಬಂದಾಗ್ಲೇ ಅಂದ್ಕೊಂಡೆ. ಅಲ್ವೋ, ಹುಡುಗಿ ಉಳಿಸ್ಕೋಬೇಕು ಅಂದ್ರೆ ಇದಾ ದಾರಿ? ಗೊತ್ತಿದ್ದೂ ಬೇಕು ಅಂತ ಸಾಯಿಸೋ ಗಂಡಸಾಗಿದ್ರೆ ನೀನು ನನ್ನ ಮನೇಲಿ ಯಾಕೆ ಇರ್ತಿದ್ದೆ?"

"ಭಾವ, ದೇವರಾಣೆ, ನಾನೇ."

"ಆಯ್ತು, ನೀನೇ. ಹೋಗಿ ಮುಖ ತೊಳ್ಕೋ."

ಜನ ನಗುತ್ತಿದ್ದರು. ಅವನ ಕೈಯಲ್ಲಿದ್ದ ಏಕೈಕ ಅಪರಾಧವನ್ನೂ ಯಾರೋ ಕಿತ್ತುಕೊಂಡು, ಮಗುವಿಗೆ ಇದೆಲ್ಲ ಯಾಕೆ ಎಂಬಂತೆ ಎತ್ತರದ ಅಟ್ಟದ ಮೇಲಿಟ್ಟ ಹಾಗಾಯಿತು. ಮಾಪಕ ತೋರಿಸಬಹುದಿತ್ತು, ಹೊಸ ಸಿಲಿಂಡರ್ ಪ್ಲಾಸ್ಟರ್ ಚೀಲಕ್ಕೆ ಒರಗಿಕೊಂಡೇ ಇತ್ತು. ಅದನ್ನು ತಂದು ಇಡಲು ಅವನು ಎರಡು ಹೆಜ್ಜೆ ಇಟ್ಟದ್ದೂ ನಿಜ. ಭಾವ ಆಗಲೇ ಮುಂದಿನ ರೋಗಿಯ ಭುಜಕ್ಕೆ ಕೈಹಾಕಿ ಒಳಗೆ ಕರೆದೊಯ್ದಿದ್ದ, ಬಾಗಿಲು ಮುಚ್ಚಿತ್ತು, ಕೊರೆಯುವ ಯಂತ್ರದ ಸದ್ದು ಶುರುವಾಗಿತ್ತು.

ಟೋಕನ್ ತನ್ನ ಚೀಲ, ಊಟದ ಡಬ್ಬಿ, ಮೇಜಿನ ಖಾನೆಯಲ್ಲಿದ್ದ ಬಾಚಣಿಗೆ ಎಲ್ಲ ತೆಗೆದುಕೊಂಡಳು. ಹೊರಬಾಗಿಲಿನವರೆಗೆ ಅವನು ಹಿಂದೆ ಹಿಂದೆ ಹೋದ. ಅವಳ ಕಣ್ಣು ಕೆಂಪಾಗಿತ್ತು, ಆದರೆ ಮುಖದಲ್ಲಿ ಅವನು ಎಂದೂ ಕಾಣದ ಒಂದು ಮೃದುತ್ವ ಇತ್ತು. ಅವಳು ಅವನ ಮುಂಗೈ ಮುಟ್ಟಿದಳು, ಸರಿಯಾಗಿ ನಾಡಿ ಇರುವ ಕಡೆ.

"ನನಗೋಸ್ಕರ ಅಷ್ಟು ಜನದ ಮುಂದೆ ಮಾನ ಕಳ್ಕೊಂಡ್ರಲ್ಲ ಸಾರ್. ನಮ್ಮ ನೆಂಟರೂ ಯಾರೂ ಹೀಗೆ ನಿಂತೋರಲ್ಲ. ಶನಿವಾರ ನಾನೂ ನಕ್ಕುಬಿಟ್ಟೆ, ಡಾಕ್ಟ್ರು ನಿಮ್ಮ ಥರ ಮಾಡಿ ತೋರಿಸ್ದಾಗ. ಆಮೇಲೆ ರಾತ್ರಿಯೆಲ್ಲ ಬೇಜಾರಾಯ್ತು. ಮನಸ್ಸಲ್ಲಿ ಇಟ್ಕೋಬೇಡಿ."

ನಿಜ ಹೇಳಿದ್ದು, ನಾನು ನಿಜವನ್ನೇ ಹೇಳಿದ್ದು ಎಂಬ ಮಾತು ಗಂಟಲಿನಲ್ಲಿ ಪೂರ್ತಿಯಾಗಿ ಸಿದ್ಧವಾಗಿತ್ತು. ಇವಳು ನಂಬುತ್ತಾಳೆ, ಈ ಕಟ್ಟಡದಲ್ಲಿ ನಂಬುವವಳು ಇವಳೊಬ್ಬಳೇ. ಅವಳ ಬೆರಳು ಇನ್ನೂ ಅಲ್ಲೇ ಇತ್ತು, ಬೆಚ್ಚಗೆ.

"ಪರವಾಗಿಲ್ಲಮ್ಮ," ಎಂದ ಅವನು. "ಅದರಲ್ಲೇನಿದೆ."

ಮಧ್ಯಾಹ್ನ ಭಾವ ಕೈ ಒರೆಸಿಕೊಳ್ಳುತ್ತಾ ಬಂದು ತೊಟ್ಟಿ ನೋಡಿದ. "ಹೊಸ ಹವಳ ತರಿಸ್ತೀನಿ. ಇದನ್ನ ಬಿಸಾಕ್ಬೇಡ. ತೊಳ್ದು ಒಣಗಿಸಿ, ಒಡೆದು, ನಿನ್ನ ಆ ಯಂತ್ರಕ್ಕೇ ತುಂಬು. ಆಮೇಲೆ ಮೇಜಿನ ಹತ್ರ ನೀನೇ ಕೂತ್ಕೋ, ಬೇರೆಯವಳು ಸಿಗೋ ತನಕ. ಬಿಲ್ಲೆ ಎಣಿಸೋಕೆ ಬರತ್ತಲ್ಲ?" "ಬರತ್ತೆ ಭಾವ."

ಕೊಂಬೆಗಳು ಬಿಸಿಲಿನಲ್ಲಿ ಬೇಗ ಒಣಗಿದವು. ಪ್ಲಾಸ್ಟರ್ ಅಚ್ಚು ಒಡೆಯುವ ಸುತ್ತಿಗೆಯಿಂದ ಅವನು ಅವುಗಳನ್ನು ಒಡೆದ, ತೀರ ಪುಡಿಯಾಗದಂತೆ, ತೀರ ದಪ್ಪಗೂ ಉಳಿಯದಂತೆ. ಪುಡಿಯಾದರೆ ನೀರು ಹರಿಯುವುದಿಲ್ಲ, ದಪ್ಪಗಿದ್ದರೆ ಕರಗುವುದಿಲ್ಲ. ಕೊಳವೆ ತುಂಬಿ, ಮುಚ್ಚಳ ಬಿಗಿದು, ಹೊಸ ಸಿಲಿಂಡರ್ ಜೋಡಿಸಿ, ಗ್ಯಾಸಿನ ತಿರುಪನ್ನು ಕೂದಲೆಳೆಯಷ್ಟು ಬಿಟ್ಟ. ತಿರುಪಿನ ಸುತ್ತಲಿನ ಧೂಳಿನಲ್ಲಿ ಅವನ ಬೆರಳಿನ ಗುರುತು ಮೂಡಿತು. ಮೊದಲ ಗುಳ್ಳೆ ಬುರುಡೆಯಲ್ಲಿ ತಡೆದು ನಿಂತು, ಬಿಡಿಸಿಕೊಂಡು ಮೇಲೇರಿತು. ಬೆನ್ನ ಹಿಂದೆ ಕುರ್ಚಿಗಳು ತುಂಬಿದ್ದವು. ನಾಡಿಯ ಮೇಲೆ ಬೆರಳಿಟ್ಟ, ನಾಲಿಗೆ ಕಚ್ಚಿಕೊಂಡಿದ್ದೇನೆಯೇ ಎಂದು ನೋಡಿಕೊಂಡ, ಕಚ್ಚಿಕೊಂಡಿದ್ದ. ಯಾರೋ ಮುಂದಿನವರು ಯಾರು ಎಂದು ಕೇಳಿದರು. ಅವನು ತಿರುಗದೆ, ಮನಸ್ಸಿನಲ್ಲೇ ಎಣಿಕೆ ತಪ್ಪದಂತೆ, ಒಂದು ಕೈ ಮಾತ್ರ ಬಿಡಿಸಿಕೊಂಡು ಜೇಬಿನಲ್ಲಿದ್ದ ಬಿಲ್ಲೆ ತೆಗೆದು ಹಿಂದಕ್ಕೆ ಚಾಚಿ ಕೊಟ್ಟ.